ಮಾನಸಿಕ ಕಾಯಿಲೆ: ಹೊಂದುವ ಮಾತ್ರೆಯನ್ನು ಕಂಡುಕೊಳ್ಳುವುದು ಹೇಗೆ?

ಯಾರಿಗೆ ಯಾವ ಮಾತ್ರೆ ಹಿಡಿಸುತ್ತದೆಂದು ಮುಂಚಿತವಾಗಿ ಖಚಿತವಾಗಿ ಹೇಳಬಲ್ಲ ರಕ್ತಪರೀಕ್ಷೆ ಮನೋವೈದ್ಯರ ಬಳಿ ಇಲ್ಲ. ಒಂದನ್ನು ಕೊಟ್ಟು, ಕಾದು ನೋಡಿ, ಡೋಸ್ ಏರಿಳಿಸಿ, ಅಗತ್ಯವಿದ್ದರೆ ಬದಲಿಸುವುದೇ ಕ್ರಮ. ಇದನ್ನು ಕಂಡು ‘ಡಾಕ್ಟರು ಪ್ರಯೋಗ ಮಾಡುತ್ತಿದ್ದಾರೆ’ ಎಂದು ಆಸ್ಪತ್ರೆ ಬದಲಿಸುವವರೇ ಹೆಚ್ಚು ಕಾಲ ಕಳೆದುಕೊಳ್ಳುತ್ತಾರೆ.

ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಯಾವ ಮಂಗಳವಾರ ಬರುತ್ತಾರೆಂದು ಆಶಾ ಕಾರ್ಯಕರ್ತೆಯರನ್ನು ಕೇಳಿ ತಿಳಿಯಬಹುದು. ಮೊದಲ ಭೇಟಿಗೆ ಹಳೆಯ ಚೀಟಿಗಳನ್ನೂ, ಬಿಪಿ, ಸಕ್ಕರೆ, ಮಂಡಿನೋವಿನ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಬೇಕು. ನಾಟಿ ಔಷಧ, ಕುಡಿತ, ಬೀಡಿ ಯಾವುದನ್ನೂ ಮುಚ್ಚಿಡಬಾರದು. ಮಲೆನಾಡಿನವರು ಹೇಳಲು ಮರೆಯುವುದು ಎಲೆ-ಅಡಿಕೆಯನ್ನು; ಅಡಿಕೆ ವಿಪರೀತ ಜಗಿಯುವವರು ಕೆಲವು ಮನೋವಿಕಾರ ನಿರೋಧಕ (ಇಲ್ಲದ್ದು ಕೇಳಿಸುವ, ಕಾಣುವ ಭ್ರಮೆಗೆ ಕೊಡುವ) ಔಷಧಗಳನ್ನು ಸೇವಿಸುವಾಗ ಮೈ ಬಿಗಿಯುವುದು, ಕೈ ನಡುಗುವುದು ಹೆಚ್ಚಾದ ಪ್ರಕರಣಗಳು ವರದಿಯಾಗಿವೆ. ಒಡಹುಟ್ಟಿದವರಿಗೆ ಯಾವುದಾದರೂ ಮಾತ್ರೆ ಗುಣ ಕೊಟ್ಟಿದ್ದರೆ ಅದೂ ವೈದ್ಯರಿಗೆ ಉಪಯುಕ್ತ ಸುಳಿವು.

ಮಾತ್ರೆ ಆರಂಭಿಸಿದ ದಿನವೇ ಒಂದು ನೋಟ್‌ಬುಕ್ ಇಡಿ. ನನ್ನ ದೃಷ್ಟಿಯಲ್ಲಿ ಇಡೀ ಚಿಕಿತ್ಸೆಯಲ್ಲಿ ಮನೆಯವರು ಮಾಡಬಹುದಾದ ಅತ್ಯಂತ ಉಪಕಾರದ ಕೆಲಸವಿದು. ‘ಜೂನ್ 12. ಎಸಿಟಲೋಪ್ರಾಮ್ 10 ಮಿ.ಗ್ರಾಂ., ತಿಂಡಿಯಾದ ಮೇಲೆ. ಹೊಟ್ಟೆ ತೊಳೆಸಿತು. ರಾತ್ರಿ 3ಕ್ಕೆ ಎಚ್ಚರ. ತೋಟದ ಕಡೆ ಹೋಗಲಿಲ್ಲ’ ಎಂಬಷ್ಟು ಸಾಕು. ‘ಸ್ವಲ್ಪ ಪರವಾಗಿಲ್ಲ ಡಾಕ್ಟ್ರೇ’ ಎಂಬ ಮಾತಿನಿಂದ ವೈದ್ಯರಿಗೆ ಏನೂ ತಿಳಿಯುವುದಿಲ್ಲ, ಈ ನಾಲ್ಕು ಸಾಲಿನಿಂದ ತಿಳಿಯುತ್ತದೆ. ಎಸಿಟಲೋಪ್ರಾಮ್‌ನಂಥ ಖಿನ್ನತೆಯ ಮಾತ್ರೆಗಳಲ್ಲಿ ಹೊಟ್ಟೆ ತೊಳೆಸುವುದು, ತಲೆನೋವು ಮೊದಲ ವಾರದಲ್ಲೇ ಬಂದರೆ ಗುಣ ಕಾಣಿಸಲು 2ರಿಂದ 4 ವಾರ, ಪೂರ್ಣ ಫಲಕ್ಕೆ 6ರಿಂದ 8 ವಾರ ಬೇಕಾಗುತ್ತದೆ. ಕಷ್ಟ ಮೊದಲು, ಸುಖ ಆಮೇಲೆ ಎಂಬ ಈ ಅನುಕ್ರಮ ತಿಳಿಯದೆ ಹತ್ತನೇ ದಿನಕ್ಕೇ ಮಾತ್ರೆ ಬಿಡುವವರು ಬಹಳ. ಆದರೆ ಆರಂಭದ ವಾರಗಳಲ್ಲಿ, ಅದರಲ್ಲೂ 25 ವರ್ಷದೊಳಗಿನವರಲ್ಲಿ, ಚಡಪಡಿಕೆ ಅಥವಾ ಸಾಯುವ ಯೋಚನೆ ಹೆಚ್ಚಿದರೆ ಮುಂದಿನ ಭೇಟಿಯವರೆಗೆ ಕಾಯದೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ದಿನದ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು.

ಉನ್ಮಾದ, ಖಿನ್ನತೆ ಸರದಿಯಲ್ಲಿ ಬರುವ ಬೈಪೋಲಾರ್ ಕಾಯಿಲೆಗೆ ಲಿಥಿಯಂ ಸೇವಿಸುವವರ ಎಚ್ಚರಿಕೆಯೇ ಬೇರೆ. ರಾತ್ರಿಯ ಮಾತ್ರೆ ನುಂಗಿ 12 ತಾಸು ಕಳೆದ ಮೇಲೆ, ಅಂದರೆ ಬೆಳಗಿನ ಮಾತ್ರೆಗೆ ಮೊದಲು, ರಕ್ತ ಕೊಟ್ಟು ಅದರ ಮಟ್ಟ ನೋಡಿಸಬೇಕು. ಥೈರಾಯ್ಡ್, ಮೂತ್ರಪಿಂಡಗಳ ಪರೀಕ್ಷೆಯೂ ಆಗಾಗ ಆಗಬೇಕು. ವಾಂತಿಭೇದಿಯಾಗಿ ಮೈಯ ನೀರು ಇಳಿದರೆ, ಅಥವಾ ಅಂಗಡಿಯಿಂದ ನೋವಿನ ಮಾತ್ರೆ ಡೈಕ್ಲೊಫೆನಾಕ್ ತಂದು ನುಂಗಿದರೆ ಮಟ್ಟ ಏರಿ ವಿಷವಾಗಬಹುದು. ಗರ್ಭ ಧರಿಸಬಹುದಾದ ವಯಸ್ಸಿನ ಹೆಣ್ಣುಮಕ್ಕಳಿಗೆ ಇದೇ ಕಾಯಿಲೆಗೆ ಕೊಡುವ ಇನ್ನೊಂದು ಔಷಧ ವಾಲ್‌ಪ್ರೊಯೇಟ್ ಬರೆದಿದ್ದರೆ ಬೇರೆ ಮಾತ್ರೆ ಸಾಧ್ಯವೇ ಎಂದು ಕೇಳಲು ಹಿಂಜರಿಯಬಾರದು, ಅದು ಭ್ರೂಣಕ್ಕೆ ಹಾನಿಕರ.

ಗುಣವಾದ ಮೇಲೂ ಖಿನ್ನತೆಯ ಮಾತ್ರೆಯನ್ನು ಕನಿಷ್ಠ 6 ತಿಂಗಳು ಮುಂದುವರಿಸಿ, ನಂತರ ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು. ಆಗುಂಬೆ, ಹೊಸನಗರದ ಕಡೆಯವರು ಮಳೆ ಹಿಡಿಯುವ ಮೊದಲೇ ಹೆಚ್ಚಿನ ಅವಧಿಗೆ ಮಾತ್ರೆ ಬರೆಸಿಕೊಳ್ಳುವುದು ಒಳ್ಳೆಯದು.

ಇಲ್ಲದ ದನಿ ಕೇಳಿಸುವ, ಹುಸಿ ನಂಬಿಕೆಗಳು ಮೂಡುವ ಸ್ಕಿಜೋಫ್ರೇನಿಯಾ ಕಾಯಿಲೆಯಲ್ಲಿ ಎರಡು ಔಷಧಗಳು ಸರಿಯಾದ ಡೋಸ್‌ನಲ್ಲಿ, ಸಾಕಷ್ಟು ಕಾಲ ಕೊಟ್ಟ ಮೇಲೂ ಫಲಿಸದಿದ್ದರೆ ಕ್ಲೋಜಪಿನ್ ಎಂಬ ಔಷಧದ ಮಾತು ಬರುತ್ತದೆ. ಅದರ ಮೊದಲ 18 ವಾರ ಪ್ರತಿ ವಾರ ಬಿಳಿ ರಕ್ತಕಣಗಳ ಎಣಿಕೆ ಮಾಡಿಸಬೇಕಾದ್ದರಿಂದ, ಆ ಪರೀಕ್ಷೆಯನ್ನು ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲೇ ಮಾಡಿಸಿ ವರದಿಯನ್ನಷ್ಟೇ ವೈದ್ಯರಿಗೆ ಕಳುಹಿಸಬಹುದೇ ಎಂಬುದನ್ನು ಮೊದಲ ಮಾತ್ರೆ ನುಂಗುವ ಮುನ್ನವೇ ಇತ್ಯರ್ಥ ಮಾಡಿಕೊಳ್ಳಿ.