ಗಂಟೆ ಹೊಡೆಯದ ಕಾಲೇಜು: ಮಳೆ, ಕರೆಂಟು, ಕಾಫಿ ಕೊಯ್ಲಿನ ನಡುವೆ ಆನ್‌ಲೈನ್ ಪದವಿ

ಜುಲೈ ಸೆಮಿಸ್ಟರ್‌ಗೆ ಸೇರಿದವರ ಮೊದಲ ವಿಡಿಯೊ ಪಾಠ ಪೋರ್ಟಲ್‌ಗೆ ಬರುವ ಹೊತ್ತಿಗೆ ಕೊಡಗಿನಲ್ಲಿ ಜಡಿಮಳೆ ಹಿಡಿದಿರುತ್ತದೆ. ನಾಪೋಕ್ಲು, ಭಾಗಮಂಡಲ, ಶಾಂತಳ್ಳಿ ಕಡೆ ಮರ ಬಿದ್ದು ತಂತಿ ಹರಿದರೆ ಕರೆಂಟು ಯಾವಾಗ ಬರುತ್ತದೆಂದು ಹೇಳುವವರಿಲ್ಲ. ಕರೆಂಟು ಹೋದ ಕೆಲವು ಗಂಟೆಗೆ ಟವರ್‌ನ ಬ್ಯಾಟರಿಯೂ ಕೈಕೊಡುತ್ತದೆ. ಡಿಸೆಂಬರ್‌ನಲ್ಲಿ ಪರೀಕ್ಷೆ ಬರುವಾಗ ತೋಟದಲ್ಲಿ ಅರೇಬಿಕಾ ಕಾಫಿಯ ಕೊಯ್ಲು, ಅದರ ಆಸುಪಾಸಿನಲ್ಲೇ ಸುಗ್ಗಿಯ ಹಬ್ಬ ಪುತ್ತರಿ. ವಿಶ್ವವಿದ್ಯಾಲಯದ ಕ್ಯಾಲೆಂಡರ್ ತಯಾರಿಸಿದವರಿಗೆ ಇದ್ಯಾವುದೂ ಗೊತ್ತಿಲ್ಲ, ಗೊತ್ತಿರಬೇಕಾದ ಅಗತ್ಯವೂ ಇಲ್ಲ. ಆದ್ದರಿಂದ ಎರಡು ಕ್ಯಾಲೆಂಡರ್‌ಗಳನ್ನು ಹೊಂದಿಸುವ ಕೆಲಸ ಓದುವವರ ಪಾಲಿಗೆ ಬೀಳುತ್ತದೆ. ಇಲ್ಲಿನ ವಿದ್ಯಾರ್ಥಿಗೆ ಮೊದಲು ಬೇಕಾದ ಕೌಶಲ ಇದೇ. ನೋಟ್ಸ್, ಅಸೈನ್‌ಮೆಂಟ್, ಪರೀಕ್ಷೆ ಎಲ್ಲವೂ ಇದರ ಬೆನ್ನಿಗೆ.

ದುಡ್ಡು ಕಟ್ಟುವ ಮುನ್ನ

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ದೂರಶಿಕ್ಷಣ ಬ್ಯೂರೊ ಜಾಲತಾಣದಲ್ಲಿ ಮಾನ್ಯತೆ ಪಡೆದ ಸಂಸ್ಥೆಗಳ ಪಟ್ಟಿ ಇದೆ. ವಿಶ್ವವಿದ್ಯಾಲಯದ ಹೆಸರು ಕಂಡರೆ ಸಾಲದು. ನೀವು ಸೇರುವ ವರ್ಷ, ಸೆಷನ್ (ಜುಲೈಯೋ ಜನವರಿಯೋ), ಕೋರ್ಸಿನ ಹೆಸರು, ಅದು ದೂರಶಿಕ್ಷಣವೋ ಆನ್‌ಲೈನೋ ಎಂಬ ನಾಲ್ಕೂ ಹೊಂದಬೇಕು. ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಕಾನೂನು ಪದವಿಗಳನ್ನು ಪೂರ್ತಿ ಆನ್‌ಲೈನ್‌ನಲ್ಲಿ ಕೊಡಲು ಅನುಮತಿಯೇ ಇಲ್ಲ. ಕೊಡುತ್ತೇವೆ ಎಂದವರಿಗೆ ಅಲ್ಲೇ ಕೈಮುಗಿಯಿರಿ. ವಿಶ್ವವಿದ್ಯಾಲಯ ತನ್ನ ಹೆಸರಿನಲ್ಲಿ ಕೋರ್ಸ್ ನಡೆಸಲು ಬೇರೆಯವರಿಗೆ ಫ್ರಾಂಚೈಸಿ ಕೊಡುವುದಕ್ಕೂ ನಿಷೇಧವಿದೆ. ಹಾಗಾಗಿ ಪೇಟೆಯಲ್ಲಿ ಬೋರ್ಡು ಹಾಕಿಕೊಂಡು ನಗದು ಕೇಳುವ ಏಜೆಂಟರ ಕೈಗೆ ಶುಲ್ಕ ಕೊಡಬೇಡಿ. ವಿಶ್ವವಿದ್ಯಾಲಯದ ಪೋರ್ಟಲ್‌ನಲ್ಲೇ ಕಟ್ಟಿ, ರಸೀದಿ ಇಳಿಸಿಕೊಳ್ಳಿ. ‘ಈ ಡಿಗ್ರಿಗೆ ಬೆಲೆ ಇದೆಯಾ’ ಎಂದು ಮನೆಯ ಹಿರಿಯರು ಕೇಳಿದರೆ, ಮಾನ್ಯತೆ ಇರುವ ಆನ್‌ಲೈನ್ ಮತ್ತು ದೂರಶಿಕ್ಷಣ ಪದವಿಗಳು ತರಗತಿಯಲ್ಲಿ ಕುಳಿತು ಪಡೆದ ಪದವಿಗೆ ಸಮ ಎಂದು ಯುಜಿಸಿ 2022ರಲ್ಲೇ ಸ್ಪಷ್ಟಪಡಿಸಿದೆ.

2024ರಿಂದ ಪ್ರವೇಶಕ್ಕೆ ದೂರಶಿಕ್ಷಣ ಬ್ಯೂರೊದ ಗುರುತು ಸಂಖ್ಯೆಯಾದ ಡೆಬ್ ಐಡಿ ಕಡ್ಡಾಯ. ಅದಕ್ಕೆ ಮೊದಲು, ವಿದ್ಯಾರ್ಥಿ ಗಳಿಸಿದ ಕ್ರೆಡಿಟ್‌ಗಳ (ಓದಿನ ಗಂಟೆಗಳ ಅಳತೆ) ಖಾತೆ ಇಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನ ಎಬಿಸಿ ಐಡಿ ಬೇಕು. ಡಿಜಿಲಾಕರ್ ಮೂಲಕ ಆಧಾರ್‌ನಿಂದ ಅದನ್ನು ಮಾಡಿಕೊಳ್ಳಬಹುದು. ಕೊಡಗಿನವರು ಸಿಕ್ಕಿಬೀಳುವುದು ಇಲ್ಲೇ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮನೆ ಹೆಸರು ಬರೀ ಇನಿಷಿಯಲ್ ಆಗಿರುತ್ತದೆ, ಆಧಾರ್‌ನಲ್ಲಿ ಪೂರ್ತಿ ಇರುತ್ತದೆ. ಮನೆ ಹೆಸರನ್ನು ಮೊದಲು ಬರೆಯುವ ರೂಢಿಯಿಂದ ಫಾರ್ಮಿನ ‘ಫಸ್ಟ್ ನೇಮ್’, ‘ಲಾಸ್ಟ್ ನೇಮ್’ ಖಾನೆಗಳು ಅದಲುಬದಲಾಗುತ್ತವೆ. ಅರ್ಜಿ ಹಾಕುವ ಒಂದೆರಡು ತಿಂಗಳು ಮೊದಲೇ ಎರಡು ದಾಖಲೆಗಳನ್ನು ಪಕ್ಕಪಕ್ಕ ಇಟ್ಟು ಅಕ್ಷರಕ್ಕೆ ಅಕ್ಷರ ನೋಡಿ. ಆಧಾರ್ ತಿದ್ದುಪಡಿ ಒಂದೇ ದಿನದಲ್ಲಿ ಮುಗಿಯುವ ಕೆಲಸವಲ್ಲ. ಕೊನೆಯ ದಿನಾಂಕ ಮಾತ್ರ ಕಾಯುವುದಿಲ್ಲ.

ಆನ್‌ಲೈನ್ ಓದು ಒಗ್ಗುತ್ತದೋ ಇಲ್ಲವೋ ಎಂಬ ಅನುಮಾನವಿದ್ದರೆ, ಪದವಿಗೆ ಸೇರುವ ಮುನ್ನ ಕೇಂದ್ರ ಸರ್ಕಾರದ ‘ಸ್ವಯಂ’ ಪೋರ್ಟಲ್‌ನಲ್ಲಿ ಒಂದು ಸಣ್ಣ ಕೋರ್ಸ್ ಮಾಡಿ ನೋಡಿ. ಸೇರಲು ದುಡ್ಡಿಲ್ಲ, ಪ್ರಮಾಣಪತ್ರದ ಪರೀಕ್ಷೆ ಬರೆಯುವುದಾದರೆ ಮಾತ್ರ ಶುಲ್ಕ. ಅಲ್ಲಿ ಐಐಟಿಗಳು ಮತ್ತು ಐಐಎಸ್‌ಸಿ ನಡೆಸುವ ಎನ್‌ಪಿಟಿಇಎಲ್‌ನ 4 ವಾರದ ಕೋರ್ಸಿನಲ್ಲಿ ವಾರಕ್ಕೊಂದು ಅಸೈನ್‌ಮೆಂಟ್ ಇರುತ್ತದೆ. ನಾಲ್ಕನ್ನೂ ಗಡುವಿನೊಳಗೆ ಕೊಟ್ಟರೆ ನಿಮಗೆ ಈ ಓದು ಆಗುತ್ತದೆ. ಎರಡನೇ ವಾರಕ್ಕೇ ಬಿಟ್ಟರೆ, ಬಿಟ್ಟಿದ್ದು ಯಾವುದರಿಂದ ಎಂದು ತಿಳಿದುಕೊಳ್ಳಲು ಅಷ್ಟು ಸಾಕು, ಅದೂ ಪುಕ್ಕಟೆಯಾಗಿ.

ಗಂಟೆಗಳ ಲೆಕ್ಕ

ದೂರಶಿಕ್ಷಣ ಮತ್ತು ಆನ್‌ಲೈನ್ ವ್ಯವಸ್ಥೆಯಲ್ಲಿ 1 ಕ್ರೆಡಿಟ್ ಎಂದರೆ 30 ಗಂಟೆಯ ಓದು. 4 ಕ್ರೆಡಿಟ್‌ನ ಒಂದು ವಿಷಯಕ್ಕೆ 120 ಗಂಟೆ. ಸೆಮಿಸ್ಟರ್‌ಗೆ 20 ಕ್ರೆಡಿಟ್ ಇದ್ದರೆ 600 ಗಂಟೆ. 20 ವಾರಕ್ಕೆ ಹಂಚಿದರೆ ವಾರಕ್ಕೆ 30. ಕೆಲಸ ಮಾಡುತ್ತಾ ಓದುವವರು ಇಷ್ಟು ಕೊಡುವುದು ಅಪರೂಪ, ಆದರೆ 18ಕ್ಕಿಂತ ಕೆಳಗಿಳಿದರೆ ಪರೀಕ್ಷೆಯ ಹೊತ್ತಿಗೆ ಒದ್ದಾಟ ತಪ್ಪದು ಎಂಬುದು ನಮ್ಮ ಅಂದಾಜು. ‘ಬಿಡುವಾದಾಗ ಓದುತ್ತೇನೆ’ ಎನ್ನುವವರು ಈ ಸಂಖ್ಯೆಯನ್ನೊಮ್ಮೆ ಕಾಗದದ ಮೇಲೆ ಬರೆದು ನೋಡಬೇಕು.

ಈಗ ತೋಟದ ಕ್ಯಾಲೆಂಡರ್ ತೆಗೆಯಿರಿ. ಜುಲೈ ಸೆಷನ್ ಆದರೆ ಜುಲೈ, ಆಗಸ್ಟ್ ಮಳೆಯ ಪಾಲು. ಕೈಲ್‌ಪೊಳ್ದ್ ಹಬ್ಬ ಮುಗಿದ ಮೇಲೆ ಸೆಪ್ಟೆಂಬರ್‌ನಿಂದ ಅಕ್ಟೋಬರ್ ಕೊನೆಯವರೆಗೆ, ಕಾವೇರಿ ಸಂಕ್ರಮಣದ ನಾಲ್ಕೈದು ದಿನ ಕಳೆದರೂ, ಒಳ್ಳೆಯ ಕಾಲ. ನವೆಂಬರ್‌ನಿಂದ ಅರೇಬಿಕಾ. ಜನವರಿ ಸೆಷನ್ ಆದರೆ ಶುರುವಿನಲ್ಲೇ ರೊಬಸ್ಟಾ ಕೊಯ್ಲು, ಅದರ ಹಿಂದೆಯೇ ಕಾಫಿ ಹೂ ಅರಳಿಸುವ ಹೂಮಳೆಯ ಕಾಯುವಿಕೆ, ಇಲ್ಲವೆ ಸ್ಪ್ರಿಂಕ್ಲರ್ ಹಾಕುವ ಓಡಾಟ. ಏಪ್ರಿಲ್, ಮೇ ಬಿಡುವು. ಪರೀಕ್ಷೆ ಜೂನ್‌ನಲ್ಲಿ, ಮಳೆ ಕಾಲಿಡುವಾಗ. ಬಿಡುವಿನ ವಾರಕ್ಕೆ 28 ಗಂಟೆ, ಕೊಯ್ಲಿನ ವಾರಕ್ಕೆ 8 ಎಂದು ಹಂಚಿಕೊಳ್ಳಿ. ಎಲ್ಲ ವಾರಕ್ಕೂ ಒಂದೇ ಟೈಮ್‌ಟೇಬಲ್ ಹಾಕಿದವರು ಕೊಯ್ಲಿನ ಮೊದಲ ವಾರ ತಪ್ಪಿಸಿಕೊಳ್ಳುತ್ತಾರೆ, ಎರಡನೇ ವಾರ ಬೇಸರಪಡುತ್ತಾರೆ, ಮೂರನೇ ವಾರ ಪೋರ್ಟಲ್ ತೆರೆಯುವುದನ್ನೇ ಬಿಡುತ್ತಾರೆ. ಜುಲೈಯವರು ಅಸೈನ್‌ಮೆಂಟ್‌ಗೆ ಪೋರ್ಟಲ್‌ನ ಗಡುವು ಏನೇ ಇರಲಿ, ನಿಮ್ಮ ಗಡುವು ಅಕ್ಟೋಬರ್ 31 ಎಂದು ಗೋಡೆಯ ಮೇಲೆ ಬರೆದಿಡಿ.

ನೆಟ್‌ವರ್ಕ್, ಕರೆಂಟು, ತೇವ

ಮನೆಯಲ್ಲಿ ಯಾವ ಕಂಪನಿಯ ಸಿಗ್ನಲ್ ಯಾವ ಕಿಟಕಿಯ ಬಳಿ ನಿಲ್ಲುತ್ತದೆಂದು ಬೆಳಿಗ್ಗೆ 6, ಮಧ್ಯಾಹ್ನ 2, ರಾತ್ರಿ 9ಕ್ಕೆ ಒಂದು ವಾರ ಪರೀಕ್ಷಿಸಿ. ಬಹಳ ಕಡೆ ರಾತ್ರಿ 8ರಿಂದ 10 ಗಂಟೆ ಟವರ್‌ಗೆ ನೂಕುನುಗ್ಗಲು. ಬೆಳಗಿನ ಜಾವ ಡೌನ್‌ಲೋಡ್ ಸಲೀಸು. ಎರಡು ಬೇರೆ ಕಂಪನಿಯ ಸಿಮ್ ಇರಲಿ. ಆದರೆ ಎರಡೂ ಕಂಪನಿ ಒಂದೇ ಟವರ್ ಕಂಬವನ್ನು ಹಂಚಿಕೊಂಡಿದ್ದರೆ ಕರೆಂಟು ಹೋದಾಗ ಎರಡೂ ಒಟ್ಟಿಗೆ ಮಲಗುತ್ತವೆ, ಇದನ್ನು ವಿಚಾರಿಸಿಕೊಂಡೇ ಕೊಳ್ಳಿ.

360ಪಿ ಗುಣಮಟ್ಟದ ಒಂದು ಗಂಟೆಯ ವಿಡಿಯೊಗೆ ಸುಮಾರು 300 ಎಂಬಿ ಖರ್ಚಾದರೆ 720ಪಿಗೆ 1 ಜಿಬಿ ಮೀರುತ್ತದೆ. ಬೋರ್ಡಿನ ಮೇಲಿನ ಅಕ್ಷರ 360ಪಿಯಲ್ಲೂ ಓದಲು ಬರುತ್ತದೆ. ಲೆಕ್ಕಶಾಸ್ತ್ರದ ಕೋಷ್ಟಕ ಇದ್ದರೆ ಮಾತ್ರ 480ಕ್ಕೆ ಏರಿಸಿ. ಲೈವ್ ತರಗತಿಯಲ್ಲಿ ಸಿಗ್ನಲ್ ಕುಸಿದರೆ ಮೊದಲು ನಿಮ್ಮ ಕ್ಯಾಮೆರಾ ಆರಿಸಿ, ಆಮೇಲೆ ಆ ಕಡೆಯಿಂದ ಬರುವ ವಿಡಿಯೊವನ್ನೂ ನಿಲ್ಲಿಸಿ ಧ್ವನಿ ಮಾತ್ರ ಇಟ್ಟುಕೊಳ್ಳಿ. ಮಳೆ ಬಿಡುವು ಕೊಟ್ಟ ದಿನ ಮುಂದಿನ ಮೂರು ವಾರದ ಪಾಠ, ಪಿಡಿಎಫ್ ಎಲ್ಲ ಇಳಿಸಿಡಿ. ಆ್ಯಪ್‌ನೊಳಗೆ ಇಳಿಸಿದ ವಿಡಿಯೊ ಕೆಲವು ದಿನಗಳ ನಂತರ ತೆರೆಯದೆ ಹೋಗಬಹುದು, ಮತ್ತೆ ಲಾಗಿನ್ ಕೇಳುತ್ತದೆ. ಪಿಡಿಎಫ್‌ಗೆ ಆ ಕಾಟವಿಲ್ಲ.

ಫೈಬರ್ ಸಂಪರ್ಕ ಇರುವವರಿಗೆ ರೌಟರ್‌ಗೆಂದೇ ಸಿಗುವ ಮಿನಿ ಯುಪಿಎಸ್ ಒಳ್ಳೆಯ ಹೂಡಿಕೆ. ಕೊಳ್ಳುವ ಮುನ್ನ ರೌಟರ್ ಅಡಾಪ್ಟರ್‌ನ ಬೆನ್ನಿನ ಚೀಟಿ ಓದಿ: ಸಾಮಾನ್ಯವಾಗಿ 12 ವೋಲ್ಟ್, 1ರಿಂದ 2 ಆಂಪಿಯರ್ ಇರುತ್ತದೆ. ಯುಪಿಎಸ್‌ನ ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟು ಅಥವಾ ಹೆಚ್ಚು. ಫೈಬರ್ ಪೆಟ್ಟಿಗೆ, ವೈಫೈ ಪೆಟ್ಟಿಗೆ ಬೇರೆ ಬೇರೆ ಇದ್ದರೆ ಎರಡಕ್ಕೂ ವೈರ್ ಬೇಕು. ಒಂದಕ್ಕೇ ಹಾಕಿ ‘ಯುಪಿಎಸ್ ಕೆಲಸ ಮಾಡ್ತಿಲ್ಲ’ ಎಂದು ಅಂಗಡಿಗೆ ಒಯ್ಯುವವರು ಬೇಕಾದಷ್ಟು ಮಂದಿ. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಯುಪಿಎಸ್ ರಕ್ಷಣೆಯಲ್ಲ. ಗುಡುಗು ಕೇಳಿಸಿದ ಕೂಡಲೇ ಪ್ಲಗ್ ಕಿತ್ತಿಡಿ. ಇನ್ನು 10,000 ಎಂಎಎಚ್ ಪವರ್ ಬ್ಯಾಂಕ್ ಎಂದರೆ 5,000 ಎಂಎಎಚ್ ಫೋನ್ ಎರಡು ಸಲ ತುಂಬುತ್ತದೆಂದು ಎಣಿಸಬೇಡಿ. ವೋಲ್ಟೇಜ್ ಬದಲಾವಣೆಯಲ್ಲಿ ಸೋರಿ ಹೋಗುವುದರಿಂದ ಕೈಗೆ ಸಿಗುವುದು ಒಂದೂಕಾಲರಿಂದ ಒಂದೂವರೆ ಸಲ ಅಷ್ಟೇ.

ಲ್ಯಾಪ್‌ಟಾಪನ್ನು ಮಳೆಗಾಲದಲ್ಲಿ ಬೀರುವಿನಲ್ಲಿ ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ. ದಿನಕ್ಕೆ ಅರ್ಧ ಗಂಟೆಯಾದರೂ ಓಡಿಸಿ, ಒಳಗಿನ ಬಿಸಿಗೇ ತೇವ ಆರುತ್ತದೆ. ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇರಲಿ. ಬೆಚ್ಚಗಿರಲಿ ಎಂದು ಒಲೆಯ ಬದಿ ಇಡುವುದು ಬೇಡ, ಹೊಗೆಯ ಮಸಿ ಫ್ಯಾನಿಗೆ ಸೇರುತ್ತದೆ.

ನೋಡುವುದು ಬೇರೆ, ಬರುವುದು ಬೇರೆ

ವಿಡಿಯೊ ಪಾಠದ ದೊಡ್ಡ ಮೋಸವೆಂದರೆ ನೋಡುವಾಗ ಎಲ್ಲವೂ ಅರ್ಥವಾಗುತ್ತದೆ. ಬಿ.ಕಾಂ.ನ ಸವಕಳಿ (ಬಳಸಿದಂತೆ ಆಸ್ತಿಯ ಬೆಲೆ ಇಳಿಯುವುದು) ಪಾಠವನ್ನೇ ತೆಗೆದುಕೊಳ್ಳಿ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ 60,000 ರೂಪಾಯಿಯ ಪಲ್ಪರ್ ಯಂತ್ರ, ಇಳಿಮೌಲ್ಯ ಪದ್ಧತಿಯಲ್ಲಿ ಶೇ 10 ಸವಕಳಿ. ಪರದೆಯ ಮೇಲೆ ಮೇಷ್ಟ್ರು ಮಾಡುವಾಗ ತಲೆಯಾಡಿಸುತ್ತೇವೆ. ವಿಡಿಯೊ ನಿಲ್ಲಿಸಿ ನೀವೇ ಮಾಡಿದರೆ ಎರಡನೇ ವರ್ಷಕ್ಕೂ 6,000 ಎಂದೇ ಕೈ ಬರೆಯುತ್ತದೆ. ಸರಿ ಉತ್ತರ 5,400. ಮೊದಲ ವರ್ಷದ 6,000 ಕಳೆದ ಮೇಲೆ ಉಳಿದ 54,000ಕ್ಕೆ ಶೇ 10. ಸರಳ ರೇಖಾ ಪದ್ಧತಿಯಾಗಿದ್ದರೆ ಮಾತ್ರ ಪ್ರತಿವರ್ಷ 6,000. ಈ ತಪ್ಪು ಪರೀಕ್ಷಾ ಕೊಠಡಿಯಲ್ಲಿ ಆಗುವ ಬದಲು ಮನೆಯಲ್ಲೇ ಆಗಲಿ.

ಕುಳಿತುಕೊಳ್ಳುವ ಕ್ರಮ ಹೀಗಿರಲಿ. ಘಟಕದ ಕೊನೆಯ ಪ್ರಶ್ನೆಗಳನ್ನು ಮೊದಲು ಓದಿ. 8ರಿಂದ 10 ನಿಮಿಷ ವಿಡಿಯೊ ನೋಡಿ ನಿಲ್ಲಿಸಿ. ಪುಸ್ತಕ ಮುಚ್ಚಿ, ನೆನಪಿದ್ದುದನ್ನು ಐದಾರು ಸಾಲು ಬರೆಯಿರಿ. ಪಾಠ ಇಂಗ್ಲಿಷಿನಲ್ಲಿದ್ದರೂ ಕನ್ನಡದಲ್ಲೋ ಕೊಡವ ತಕ್ಕ್‌ನಲ್ಲೋ ಬರೆದರೆ ತಪ್ಪಿಲ್ಲ, ಪಾರಿಭಾಷಿಕ ಪದ ಮಾತ್ರ ಪಾಠದಲ್ಲಿದ್ದಂತೆಯೇ ಇರಲಿ. ಬಿಟ್ಟುಹೋದದ್ದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಸೇರಿಸಿ. ಮೂರು ದಿನ ಬಿಟ್ಟು ಆ ಬೇರೆ ಬಣ್ಣದ ಸಾಲುಗಳನ್ನಷ್ಟೇ ಮತ್ತೆ ನೆನಪಿನಿಂದ ಬರೆಯಿರಿ. 20 ನಿಮಿಷದ ವಿಡಿಯೊಗೆ ಹೀಗೆ 45 ನಿಮಿಷ ಹಿಡಿಯುತ್ತದೆ. ನಿಧಾನ ಎನಿಸಿದರೂ ಇದೇ ಉಳಿಯುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಐದು ನಿಮಿಷದ ನಂತರ ಕೇಳಿದಾಗ ಪಾಠವನ್ನು ಮರುಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಮುಂದೆ ಬಂದದ್ದು ಪುಸ್ತಕ ಮುಚ್ಚಿ ನೆನಪಿಸಿಕೊಂಡವರು.

ಅಸೈನ್‌ಮೆಂಟ್: ವಿಷಯ ಸರಿ, ಫೈಲ್ ತಪ್ಪು

ಆನ್‌ಲೈನ್ ಕೋರ್ಸ್‌ಗಳಲ್ಲಿ ಆಂತರಿಕ ಮೌಲ್ಯಮಾಪನಕ್ಕೆ ಹೆಚ್ಚೆಂದರೆ ಶೇ 30, ಕೊನೆಯ ಪರೀಕ್ಷೆಗೆ ಕನಿಷ್ಠ ಶೇ 70. ಮೂವತ್ತು ಕೈಯಲ್ಲೇ ಇರುವ ಅಂಕ, ಅದನ್ನು ಕಳೆದುಕೊಳ್ಳುವುದು ಹೆಚ್ಚಾಗಿ ಫೈಲಿನ ತಾಪತ್ರಯದಿಂದ.

ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕನ್ನಡ ಪೋರ್ಟಲ್‌ನಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಯೂನಿಕೋಡ್‌ನಲ್ಲೇ ಬರೆಯಿರಿ. ಪರೀಕ್ಷಿಸಲು ಒಂದು ಸಾಲನ್ನು ನಕಲಿಸಿ ವಾಟ್ಸ್‌ಆ್ಯಪ್‌ನಲ್ಲಿ ನಿಮಗೇ ಕಳಿಸಿಕೊಳ್ಳಿ. ಅಲ್ಲಿ ಕನ್ನಡ ಕಂಡರೆ ಪೋರ್ಟಲ್‌ನಲ್ಲೂ ಕಾಣುತ್ತದೆ. ಕೈಬರಹ ಕೇಳಿದ್ದರೆ ಎ4 ಹಾಳೆ, ಒಂದೇ ಬದಿ, ಬಾಲ್‌ಪೆನ್. ಮಳೆಗಾಲದ ತೇವದ ಹಾಳೆಯಲ್ಲಿ ಜೆಲ್ ಪೆನ್ ಹರಡುತ್ತದೆ, ಹಿಂಬದಿಗೂ ಇಳಿಯುತ್ತದೆ. ಸ್ಕ್ಯಾನ್ ಮಾಡುವಾಗ ಟ್ಯೂಬ್‌ಲೈಟಿನ ಕೆಳಗೆ ನಿಂತರೆ ನಿಮ್ಮ ತಲೆಯ ನೆರಳೇ ಹಾಳೆಯ ಮೇಲೆ ಬೀಳುತ್ತದೆ. ಹಗಲಿನಲ್ಲಿ ಕಿಟಕಿಯ ಪಕ್ಕ ಮಾಡಿ. ಎಲ್ಲ ಪುಟ ಒಂದೇ ಪಿಡಿಎಫ್, ಹೆಸರು ‘ನೋಂದಣಿ ಸಂಖ್ಯೆ, ವಿಷಯ ಸಂಕೇತ, ಅಸೈನ್‌ಮೆಂಟ್ ಸಂಖ್ಯೆ’ ಎಂದಿರಲಿ. ಪೋರ್ಟಲ್ ಹೇಳಿದ ಗಾತ್ರ ಮೀರಿದರೆ ಕಪ್ಪು-ಬಿಳುಪಿಗೆ ಬದಲಿಸಿ, ಗಾತ್ರ ಸಾಮಾನ್ಯವಾಗಿ ಸಾಕಷ್ಟು ಇಳಿಯುತ್ತದೆ. ಅಪ್‌ಲೋಡ್ ಆದ ಮೇಲೆ ಅದೇ ಫೈಲನ್ನು ಪೋರ್ಟಲ್‌ನಿಂದ ಮತ್ತೆ ಇಳಿಸಿ ಕೊನೆಯ ಪುಟ ಇದೆಯೇ ನೋಡಿ. ಗಡುವಿನ ರಾತ್ರಿ 11ಕ್ಕೆ ಇದನ್ನೆಲ್ಲ ಮಾಡಲು ಹೊರಟರೆ ನೆಟ್‌ವರ್ಕ್ ಆಟ ಆಡಿಸುತ್ತದೆ.

ಮೇಷ್ಟ್ರನ್ನು ಕೇಳುವ ಬಗೆ

‘ಸರ್, ಮೂರನೇ ಪಾಠ ಅರ್ಥ ಆಗಿಲ್ಲ’ ಎಂದರೆ ಉತ್ತರ ಬರುವುದಿಲ್ಲ, ಬಂದರೂ ‘ಮತ್ತೊಮ್ಮೆ ಓದಿ’ ಎಂದಿರುತ್ತದೆ. ಹೆಸರು, ನೋಂದಣಿ ಸಂಖ್ಯೆ, ವಿಷಯ ಸಂಕೇತ, ಘಟಕ, ಪುಟ ಬರೆದು ಒಂದೇ ಪ್ರಶ್ನೆ ಕೇಳಿ: ‘ಘಟಕ 3ರ ಎರಡನೇ ಉದಾಹರಣೆಯಲ್ಲಿ ಯಂತ್ರವನ್ನು ಅಕ್ಟೋಬರ್ 1ರಂದು ಕೊಂಡಿದ್ದಾರೆ. ನಾನು ಆರು ತಿಂಗಳ ಸವಕಳಿ ಹಾಕಿದ್ದೇನೆ, ಪುಸ್ತಕದಲ್ಲಿ ಪೂರ್ತಿ ವರ್ಷದ್ದಿದೆ. ಏಕೆ?’ ನಿಮ್ಮ ಲೆಕ್ಕದ ಫೋಟೊ ಜೊತೆಗಿರಲಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರುವ ದಿನಾಂಕಗಳನ್ನು ಮಾತ್ರ ನಂಬಬೇಡಿ, ಪೋರ್ಟಲ್ ತೆರೆದು ನೋಡಿ.

ಪರೀಕ್ಷೆಯ ದಿನ

ಕೇಂದ್ರಕ್ಕೆ ಹೋಗಿ ಬರೆಯುವುದಾದರೆ ಆಯ್ಕೆ ಮಾಡುವಾಗಲೇ ರಸ್ತೆ ಯೋಚಿಸಿ. ಜೂನ್ ಪರೀಕ್ಷೆಗೆ ಸಂಪಾಜೆ ಘಾಟಿ ಅಥವಾ ಕೇರಳದ ಕಡೆಯ ಮಾಕುಟ್ಟ ಘಾಟಿ ದಾಟಿ ಹೋಗುವ ಊರನ್ನು ಹಾಕಿಕೊಂಡರೆ ಗುಡ್ಡ ಜರಿದ ದಿನ ಸಿಕ್ಕಿಬೀಳುತ್ತೀರಿ. ಮೈಸೂರಾದರೆ ಮಡಿಕೇರಿಯಿಂದ ಸುಮಾರು 120 ಕಿ.ಮೀ., ಹಿಂದಿನ ದಿನವೇ ಹೋಗುವುದು ಕ್ಷೇಮ.

ಮನೆಯಲ್ಲೇ ಕ್ಯಾಮೆರಾ ಕಾವಲಿನಲ್ಲಿ ಬರೆಯುವುದಾದರೆ ಶೀಟ್ ಮಾಡಿನ ಕೋಣೆ ಬೇಡ. ಮಳೆ ಬಿದ್ದಾಗ ಆ ಸದ್ದನ್ನು ಮೈಕ್ ಯಾರೋ ಮಾತಾಡುತ್ತಿದ್ದಾರೆಂದು ಗುರುತಿಸಿ ಎಚ್ಚರಿಕೆ ಕೊಡುವ ಸಾಧ್ಯತೆಯಿದೆ. ಹಂಚಿನ ಮಾಡು, ಮುಚ್ಚಿಗೆ ಇರುವ ಕೋಣೆ ಹುಡುಕಿ, ಇಲ್ಲವೇ ಪೇಟೆಯ ನೆಂಟರ ಮನೆ. ಬೆಳಕು ಮುಖದ ಮೇಲಿರಲಿ, ಬೆನ್ನ ಹಿಂದೆ ಕಿಟಕಿ ಬೇಡ. ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್, ಫೋನ್ ಹಾಟ್‌ಸ್ಪಾಟ್ ಮೊದಲೇ ಜೋಡಿಸಿ ನೋಡಿರಬೇಕು. ಸಂಪರ್ಕ ಕಡಿದರೆ ಗಡಿಯಾರ ಕಾಣುವಂತೆ ಪರದೆಯ ಫೋಟೊ ತೆಗೆದು, ಸಹಾಯವಾಣಿಗೆ ಅಂದೇ ಮೇಲ್ ಮಾಡಿ. ಮರುದಿನದ ಮೇಲ್‌ಗೆ ತೂಕ ಕಡಿಮೆ.

ಪರೀಕ್ಷೆ ಬರೆದು ತೋಟಕ್ಕೆ ಮರಳುವ ಮುನ್ನ ಇನ್ನೊಂದು ದಿನಾಂಕ ನೋಡಿಕೊಳ್ಳಿ. ಮುಂದಿನ ಸೆಮಿಸ್ಟರ್‌ಗೆ ಮರುನೋಂದಣಿ ಬಹುತೇಕ ಕಡೆ ತಾನಾಗಿ ಆಗುವುದಿಲ್ಲ, ಫಲಿತಾಂಶಕ್ಕೂ ಕಾಯುವುದಿಲ್ಲ. ಜನವರಿಯಲ್ಲಿ ರೊಬಸ್ಟಾ ಕೆಂಪಾಗುವ ಹೊತ್ತಿಗೆ ಆ ಕಿಟಕಿ ಮುಚ್ಚಿದ್ದರೆ ಆರು ತಿಂಗಳು, ಕೆಲವೆಡೆ ಒಂದು ವರ್ಷ ಸುಮ್ಮನೆ ಹೋಗುತ್ತದೆ.