ಮನೆಗೆ ಬಾತ್‌ಟಬ್: ಅಕ್ರಿಲಿಕ್ಕೋ, ಬೀಡುಕಬ್ಬಿಣವೋ, ಕಲ್ಲೋ?

ಬಣ್ಣ, ಆಕಾರ ಆಮೇಲೆ ನೋಡಬಹುದು. ಮೊದಲು ತೂಕದ ಲೆಕ್ಕ ಹಾಕಿ. ವಾಸದ ಮನೆಯ ಬಚ್ಚಲಿಗೆ ಕಟ್ಟಡದ ಭಾರಗಳ ಭಾರತೀಯ ಮಾನದಂಡ ಐಎಸ್ 875 ಹೇಳುವ ಲೈವ್ ಲೋಡ್ (ಜನ, ಸಾಮಾನು, ನೀರಿನಂಥ ಬದಲಾಗುವ ಭಾರ) ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕೆ.ಜಿ. 1700 ಮಿ.ಮೀ. ಉದ್ದ, 750 ಮಿ.ಮೀ. ಅಗಲದ ಟಬ್ ಕೂರುವ ಜಾಗಕ್ಕೆ ಇದು 255 ಕೆ.ಜಿ. ಆಯಿತು. 150 ಲೀಟರ್ ನೀರು, 70 ಕೆ.ಜಿ.ಯ ಒಬ್ಬರು ಸೇರಿದರೇ 220. ಉಳಿದ 35 ಕೆ.ಜಿ.ಯಲ್ಲಿ ಹಿಡಿಸುವುದು ಅಕ್ರಿಲಿಕ್ ಅಥವಾ ಎಫ್‌ಆರ್‌ಪಿ (ಗಾಜಿನ ನಾರು ಸೇರಿಸಿದ ಪ್ಲಾಸ್ಟಿಕ್) ಟಬ್ ಮಾತ್ರ. ಭಾರ ಸ್ಲ್ಯಾಬಿನುದ್ದಕ್ಕೂ ಹಂಚಿಹೋಗುತ್ತದೆ, ಹಾಗಾಗಿ ಹತ್ತಿಪ್ಪತ್ತು ಕೆ.ಜಿ. ಹೆಚ್ಚಾದರೆ ಗಾಬರಿ ಬೇಡ. ಆದರೆ ಬೀಡುಕಬ್ಬಿಣದ ಟಬ್ 120ರಿಂದ 180 ಕೆ.ಜಿ. ತೂಗುತ್ತದೆ, ಇಡೀ ಕಲ್ಲಿನಲ್ಲಿ ಕಡೆದದ್ದು ಅರ್ಧ ಟನ್ ದಾಟುವುದೂ ಉಂಟು. ಮಹಡಿಯ ಮೇಲೆ ಇಂಥದ್ದನ್ನು ಇಡುವ ಮುನ್ನ ಸ್ಟ್ರಕ್ಚರಲ್ ಎಂಜಿನಿಯರರನ್ನು ಕೇಳಲೇಬೇಕು. ಪೈಪುಗಳಿಗಾಗಿ ತಗ್ಗಿಸಿ ಹಾಕಿದ ಸಂಕನ್ ಸ್ಲ್ಯಾಬಿಗೆ ಇಟ್ಟಿಗೆ ಚೂರು ತುಂಬಿಸಿದ್ದರೆ ಅದನ್ನೂ ಹೇಳಿ. ಆ ಭಾರ ಆಗಲೇ ಸ್ಲ್ಯಾಬಿನ ಮೇಲಿದೆ.

ಬೀಡುಕಬ್ಬಿಣ ಬಿಸಿ ಹಿಡಿದಿಡುತ್ತದೆ ಅನ್ನುವುದು ಅರ್ಧ ನಿಜ. 150 ಕೆ.ಜಿ.ಯ ತಣ್ಣನೆ ಟಬ್ಬಿಗೆ 40 ಡಿಗ್ರಿಯ 150 ಲೀಟರ್ ನೀರು ಬಿಟ್ಟರೆ ಕಬ್ಬಿಣವೇ ಒಂದೂವರೆ ಡಿಗ್ರಿಯಷ್ಟು ಕುಡಿದುಬಿಡುತ್ತದೆ, ಆಮೇಲಷ್ಟೇ ಬಿಸಿ ನಿಲ್ಲುವುದು. ಎನಾಮಲ್ (ಗಾಜಿನಂಥ ಲೇಪ) ಬಳಿದ ಸ್ಟೀಲ್ ಟಬ್ ಹಗುರ, ಆದರೆ ಬೇಗ ತಣ್ಣಗಾಗುತ್ತದೆ, ನೀರು ಬಿದ್ದರೆ ಡಬಡಬ ಸದ್ದು. ಅದರ ಮೇಲೆ ನಲ್ಲಿಯ ಸ್ಪ್ಯಾನರ್ ಬಿದ್ದು ಎನಾಮಲ್ ಚಕ್ಕೆ ಎದ್ದರೆ ಆ ಜಾಗದಿಂದಲೇ ತುಕ್ಕು ಶುರು.

ನಮ್ಮ ಮನೆಗಳಲ್ಲಿ ಟಬ್ ಕೆಡಿಸುವುದು ಹೆಚ್ಚಾಗಿ ಬೋರ್‌ವೆಲ್ ನೀರು ಮತ್ತು ಅದರ ಬಿಳಿ ಕಲೆ ತೆಗೆಯಲು ಸುರಿಯುವ ಆ್ಯಸಿಡ್. ಟಾಯ್ಲೆಟ್ ಕ್ಲೀನರಿನ ಹೈಡ್ರೋಕ್ಲೋರಿಕ್ ಆ್ಯಸಿಡ್ ತಾಗಿದರೆ ಅಮೃತಶಿಲೆಯ ಹೊಳಪು ನಿಮಿಷಗಳಲ್ಲಿ ಹೋಗುತ್ತದೆ, ಎನಾಮಲ್ ಕೂಡ ಮಂಕಾಗಬಹುದು. ಅಮೃತಶಿಲೆಗೆ ವಿನೆಗರ್, ನಿಂಬೆಹಣ್ಣೂ ಆಗದು. ಅಕ್ರಿಲಿಕ್ಕಿಗೆ ನೀರು ಬೆರೆಸಿದ ವಿನೆಗರ್ ಹಚ್ಚಿ ತೊಳೆದರೆ ತೊಂದರೆಯಿಲ್ಲ. ಅದರ ಶತ್ರು ಥಿನ್ನರ್ ಮತ್ತು ಅಸಿಟೋನ್. ಪೇಂಟಿಂಗ್ ಮುಗಿಯುವವರೆಗೆ ಟಬ್ಬಿನ ಪ್ಲಾಸ್ಟಿಕ್ ಹಾಳೆ ಕೀಳಬೇಡಿ. ಕಡು ಬಣ್ಣದ ಟಬ್ಬಿನಲ್ಲಿ ಬಿಳಿ ಕಲೆ ಎದ್ದು ಕಾಣುತ್ತದೆ. ಗಡಸು ನೀರಿನ ಮನೆಗೆ ಬಿಳಿಯೇ ವಾಸಿ.

ಹೀಗಾಗಿ ಬಹುಪಾಲು ಫ್ಲಾಟುಗಳಿಗೆ ಉತ್ತರ ಅಕ್ರಿಲಿಕ್. ತೊಡಕು ಎಂದರೆ, ಕೆಲವು ಅಂಗಡಿಗಳಲ್ಲಿ ಎಫ್‌ಆರ್‌ಪಿಯನ್ನೂ ಅಕ್ರಿಲಿಕ್ ಅಂತಲೇ ಮಾರುತ್ತಾರೆ. ನೀರು ಹೋಗುವ ತೂತಿನ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಅಕ್ರಿಲಿಕ್ ಆದರೆ ಒಂದೇ ಬಣ್ಣದ ದಪ್ಪ ಹಾಳೆ, ಅದರ ಹಿಂದೆ ಫೈಬರ್ ಪದರ ಬೇರೆಬೇರೆಯಾಗಿ ಕಾಣುತ್ತವೆ. ಎಫ್‌ಆರ್‌ಪಿಯಲ್ಲಿ ಬಣ್ಣ ಇರುವುದು ಜೆಲ್‌ಕೋಟ್ ಎಂಬ ಅರ್ಧ ಮಿ.ಮೀ. ಮೇಲ್ಪದರದಲ್ಲಿ ಮಾತ್ರ, ಕಾಲ ಕಳೆದಂತೆ ಅದು ಹಳದಿಯಾಗಿ, ನಕ್ಷತ್ರದ ಆಕಾರದಲ್ಲಿ ಬಿರುಕು ಬಿಡುತ್ತದೆ. “5 ಎಂ.ಎಂ. ಶೀಟ್” ಎಂದರೆ ಅದು ಅಚ್ಚಿಗೆ ಹಾಕುವ ಮೊದಲಿನ ದಪ್ಪ, ಮೂಲೆಗಳಲ್ಲಿ ಹಿಗ್ಗಿ ತೆಳುವಾಗಿರುತ್ತದೆ. ಟಬ್ಬನ್ನು ಮಗುಚಿಸಿ ನೋಡಿ: ತಳದಲ್ಲಿ ಹಲಗೆ ಕೂರಿಸಿ ಸುತ್ತಲೂ ಫೈಬರಿನಿಂದ ಮುಚ್ಚಿರಬೇಕು. ಚಪ್ಪಲಿ ಬಿಟ್ಟು ಒಳಗೆ ನಿಂತು ನೋಡಿ, ತಳ ಬಾಗಿದರೆ ಬೇಡ. ಅಕ್ರಿಲಿಕ್ಕಿನ ಸಣ್ಣ ಗೀರನ್ನು 800, 1200, 2000 ನಂಬರಿನ ವಾಟರ್ ಪೇಪರಿನಲ್ಲಿ ಈ ಕ್ರಮದಲ್ಲೇ ಉಜ್ಜಿ ಪಾಲಿಶ್ ಹಾಕಿದರೆ ಮಾಯ.

ಗೀಸರನ್ನು ಮರೆಯುವವರೇ ಹೆಚ್ಚು. 60 ಡಿಗ್ರಿಯ 25 ಲೀಟರಿಗೆ 25 ಡಿಗ್ರಿಯ ತಣ್ಣೀರು ಬೆರೆಸಿದರೆ 40 ಡಿಗ್ರಿಯ ನೀರು ಸಿಗುವುದು ಹೆಚ್ಚೆಂದರೆ 58 ಲೀಟರ್. 150 ಲೀಟರಿನ ಸ್ನಾನಕ್ಕೆ ಬಿಸಿನೀರೇ ಸುಮಾರು 65 ಲೀಟರ್ ಬೇಕು. ತಾರಸಿಯ ಮೇಲೆ 100 ಲೀಟರಿನ ಸೋಲಾರ್ ಇದ್ದರೆ ಸರಿ. ಇಲ್ಲವೆಂದರೆ ಯಾವ ಮೆಟೀರಿಯಲ್ಲಿನ ಟಬ್ ತಂದರೂ ಬಟ್ಟೆ ನೆನೆಸಲು ಬಳಕೆಯಾಗುತ್ತದೆ.

ಹಣ ಕೊಡುವ ಮುನ್ನ ಬಾಗಿಲು, ಲಿಫ್ಟು ಅಳೆಯಿರಿ. ಕೂರಿಸುವಾಗ ಅಕ್ರಿಲಿಕ್ ಟಬ್ಬಿನ ತಳಕ್ಕೆ ಗಾರೆಯ ಹಾಸು ಕೊಡಿಸಿ, ಬರೀ ಕಾಲುಗಳ ಮೇಲೆ ನಿಲ್ಲಿಸಿದರೆ ತಳ ಬಗ್ಗುತ್ತದೆ. ಕೆಳಗಿನ ಟ್ರ್ಯಾಪಿಗೆ (ವಾಸನೆ ತಡೆಯುವ ಬಾಗಿದ ಪೈಪು) ಕೈ ಹೋಗುವಂತೆ ಒಂದು ಅಡಿಯ ತೆಗೆಯುವ ಮುಚ್ಚಳ ಬಿಡಿಸಿ. ಅಲ್ಲಿ ಟೈಲ್ಸ್ ಹಾಕಿ ಮುಚ್ಚಿಬಿಟ್ಟರೆ ಮುಂದೆ ಒಂದು ವಾಷರಿಗಾಗಿ ಗೋಡೆ ಒಡೆಯಬೇಕು. ಗೋಡೆಯ ಅಂಚಿಗೆ ಸಿಲಿಕೋನ್ ಹಾಕುವ ಮೊದಲು ಟಬ್ ತುಂಬ ನೀರು ಬಿಡಿ. ಭಾರಕ್ಕೆ ಸಂದು ಎಷ್ಟು ಬಾಯಿ ತೆರೆಯುತ್ತದೋ ಅಷ್ಟಕ್ಕೂ ಸಿಲಿಕೋನ್ ತುಂಬಿ, 24 ಗಂಟೆ ಕಳೆದ ಮೇಲೆ ನೀರು ಖಾಲಿ ಮಾಡಿ.