ನೆರಳು ತೆಗೆದ ಪಟ್ಟೆಯಲ್ಲಿ ಹಕ್ಕಿ ಎಣಿಸಿದ್ದು

ಮೂಡಿಗೆರೆ ಸೀಮೆಯ ನಮ್ಮ ಕಾಫಿ ತೋಟದ ಕೆಳಗಿನ ಪಟ್ಟೆಯಲ್ಲಿ ಬಿಳಿ ಕಾಂಡಕೊರಕ ಹುಳು ಹೆಚ್ಚಿ ಅರೇಬಿಕಾ ಗಿಡಗಳು ಸಾಲುಸಾಲಾಗಿ ಒಣಗಿದಾಗ, ಅವನ್ನು ಕಿತ್ತು ರೋಬಸ್ಟಾ ನೆಟ್ಟೆವು. ಅತ್ತಿ, ಬಸರಿ, ನೇರಳೆ ಮರಗಳನ್ನು ಕಡಿದು ಮೆಣಸು ಹಬ್ಬಿಸಲು ಸಿಲ್ವರ್ ಓಕ್ ಹಾಕಿದೆವು. ಹಳ್ಳದಾಚೆಯ ಮೇಲಿನ ಪಟ್ಟೆ ಮಾತ್ರ ಹಳೆಯ ಕಾಡುಮರಗಳ ನೆರಳಿನಲ್ಲೇ ಉಳಿಯಿತು. ಎರಡರ ಹಕ್ಕಿಗಳನ್ನೂ ಎಣಿಸೋಣವೆಂದು ಪಟ್ಟೆಗೆ ಆರರಂತೆ ಜಾಗ ಗುರುತಿಸಿ, ಬೆಳಗಾದ ಕೂಡಲೇ ಒಂದೊಂದರಲ್ಲೂ 10 ನಿಮಿಷ ನಿಂತು, 50 ಮೀಟರ್ ಒಳಗೆ ಕಂಡದ್ದನ್ನು ಬರೆದುಕೊಂಡೆ.

ಮೊದಲ ವರ್ಷದ ಪಟ್ಟಿ ನನ್ನನ್ನು ದಾರಿ ತಪ್ಪಿಸಿತು. ಬಯಲಾದ ಪಟ್ಟೆಯಲ್ಲೇ ಹೆಚ್ಚು ಜಾತಿಗಳು ಸಿಕ್ಕಿದ್ದರಿಂದ, ಮರ ಕಡಿದದ್ದರಿಂದ ನಷ್ಟವೇನೂ ಆಗಿಲ್ಲವೆಂದೇ ನಂಬಿದೆ. ದಟ್ಟ ನೆರಳಿನಲ್ಲಿ ಹಕ್ಕಿ ಕಣ್ಣಿಗಿಂತ ಕಿವಿಗೇ ಮೊದಲು ಸಿಗುತ್ತದೆ ಎಂಬುದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಕೂಗುಗಳನ್ನು ಕಲಿತು ಮರುವರ್ಷ ಎಣಿಸಿದಾಗ ಅಂತರ ಬಹುಮಟ್ಟಿಗೆ ಅಳಿಯಿತು.

ಆಮೇಲೆ ಸಂಖ್ಯೆಯನ್ನು ಬದಿಗಿಟ್ಟು ಹೆಸರುಗಳನ್ನೇ ಓದಿದೆ. ಕೆಳಗಿನ ಪಟ್ಟೆಯಲ್ಲಿದ್ದವು ಪಿಕಳಾರ, ಗೊರವಂಕ, ಮಡಿವಾಳ, ಕೆಂಬೂತ. ಊರಿನ ಬೇಲಿಯಲ್ಲೂ ಬದುಕಬಲ್ಲ ಹಕ್ಕಿಗಳು. ಸಿಲ್ವರ್ ಓಕ್ ಹೂ ಬಿಟ್ಟಾಗ ಮಕರಂದಕ್ಕೆ ಸೂರಕ್ಕಿಗಳೂ ಬರುತ್ತಿದ್ದವು, ಆದರೆ ಆ ಮರದಲ್ಲಿ ಹಕ್ಕಿ ತಿನ್ನುವ ಹಣ್ಣಿಲ್ಲ. ಮೇಲಿನ ಪಟ್ಟೆಯಲ್ಲಿ ಭೀಮರಾಜ ಹಕ್ಕಿಯ ಜೊತೆ ಹಿಂಡುಗಟ್ಟಿ ಹುಳು ಹುಡುಕುವ ಹಕ್ಕಿಗಳಿದ್ದವು, ದೊಡ್ಡ ಕೊಕ್ಕಿನ ಮಂಗಟ್ಟೆಯಿತ್ತು, ಒಂದು ಬೆಳಗ್ಗೆ ಎದೆ ಕೆಂಪಗೆ ಹೊಳೆಯುತ್ತ ಕೊಂಬೆಯ ಮೇಲೆ ಅಲುಗದೆ ಕುಳಿತ ಕಾಕರಣೆ ಹಕ್ಕಿಯೂ ಇತ್ತು. ಕಾಕರಣೆ ಗೂಡು ಕೊರೆಯುವುದು ಲಡ್ಡಾದ ಒಣ ಬೊಡ್ಡೆಯಲ್ಲಿ. ಮಂಗಟ್ಟೆಗೆ ದೊಡ್ಡ ಮರದ ಪೊಟರೆಯೇ ಬೇಕು. ತೋಟ ಚೊಕ್ಕಟವಾಗಿರಲಿ ಎಂದು ನಾವು ಮೊದಲು ತೆಗೆಸುವುದು ಇವೆರಡನ್ನೇ ಎಂಬುದು ನನಗೆ ಈಗಲೂ ನೋವಿನ ವಿಷಯ.

ಕಡಿದ ಅತ್ತಿಮರಗಳ ಬದಲಿಗೆ ಹಳ್ಳದ ದಂಡೆಯಲ್ಲಿ ಅತ್ತಿಗೂಟಗಳನ್ನು ನೆಟ್ಟಿದ್ದೇನೆ, ಆದರೆ ಮಂಗಟ್ಟೆ ಹಿಡಿಸುವಂಥ ಪೊಟರೆ ನನ್ನ ಕಾಲದಲ್ಲಿ ಆಗಲಾರದು. ಹೋದ ವರ್ಷ ಒಂದು ಸಿಲ್ವರ್ ಓಕಿನ ಕವಲಿನಲ್ಲಿ, ಹಕ್ಕಿಯ ಹಿಕ್ಕೆಯಿಂದ ಮೊಳೆತ ಗೇಣುದ್ದದ ಬಸರಿ ಸಸಿ ಕಂಡಿತು; ಅದರ ಬೇರು ಆಗಲೇ ಮೆಣಸಿನ ಬಳ್ಳಿಯ ಪಕ್ಕದಲ್ಲಿ ಕೆಳಗಿಳಿಯತೊಡಗಿತ್ತು. ಮರಗಸಿಗೆ, ಅಂದರೆ ನೆರಳುಮರಗಳ ಕೊಂಬೆ ಸವರಲು, ಬಂದವರಿಗೆ ಆ ಮರವನ್ನು ಮುಟ್ಟಬೇಡಿ ಎಂದು ಹೇಳಿ ಕಾಂಡಕ್ಕೆ ಸುಣ್ಣದ ಗುರುತು ಹಾಕಿದೆ.